ಹೀಥ್ರೂ–ಫ್ರಾಂಕ್‌ಫರ್ಟ್ 655 ಕಿ.ಮೀ.: ಹೋಗೋಕೆ 2 ಗಂಟೆ 40 ನಿಮಿಷ, ಬರೋಕೆ ಬರೀ 40 ನಿಮಿಷಾನಾ?

ಮಲ್ಲೇಶ್ವರದ_ಮೈನಾ
ಲಂಡನ್ ಹೀಥ್ರೂನಿಂದ ಫ್ರಾಂಕ್‌ಫರ್ಟ್‌ಗೆ ಟಿಕೆಟ್: ಹೊರಡೋದು 10:00, ತಲುಪೋದು 12:40. ವಾಪಸ್ ಟಿಕೆಟ್‌ನಲ್ಲಿ ಹೊರಡೋದು 10:00, ತಲುಪೋದು 10:40. ದೂರ ಲೆಕ್ಕ ಹಾಕುವ ತಾಣ ಒಂದರಲ್ಲಿ 655 ಕಿ.ಮೀ., 1 ಗಂಟೆ 19 ನಿಮಿಷ ಅಂತಿದೆ. ಇನ್ನೊಂದು ಕಡೆ 407 ಮೈಲಿ, ಮತ್ತೊಂದು ಕಡೆ 354 ಮೈಲಿ. ಇದರಲ್ಲಿ ಯಾವುದು ನಿಜ? ಫ್ರಾಂಕ್‌ಫರ್ಟ್‌ನಲ್ಲಿ ಬೆಂಗಳೂರು ವಿಮಾನ ಹಿಡಿಯೋಕೆ 1 ಗಂಟೆ 30 ನಿಮಿಷ ಇದೆ, ಅದು ಸಾಕಾಗುತ್ತಾ ಅಂತಾನೂ ತಿಳಿಯಬೇಕು.

ಥೇಮ್ಸ್_ದಂಡೆ
ಎರಡೂ ಕಡೆ 1 ಗಂಟೆ 40 ನಿಮಿಷವೇ. ಟಿಕೆಟ್ ಮೇಲಿರೋದು ಆಯಾ ಊರಿನ ಗಡಿಯಾರದ ಹೊತ್ತು. ಜರ್ಮನಿ ಲಂಡನ್‌ಗಿಂತ ಒಂದು ಗಂಟೆ ಮುಂದೆ. ಹೋಗುವಾಗ ಒಂದು ಗಂಟೆ ಕಳೀಬೇಕು, ಬರುವಾಗ ಕೂಡಿಸಬೇಕು, ಅಷ್ಟೆ.

ಧಾರವಾಡದ_ಗಾಳಿಪಟ
ಬೇಸಿಗೆ ಸಮಯ ಬಂದಾಗ ಈ ಒಂದು ಗಂಟೆ ಬದಲಾಗಂಗಿಲ್ಲೇನ್ರೀ?

ಥೇಮ್ಸ್_ದಂಡೆ
ಇಲ್ಲ. ಎರಡೂ ದೇಶ ಮಾರ್ಚ್ ಕೊನೇ ಭಾನುವಾರ ಮತ್ತು ಅಕ್ಟೋಬರ್ ಕೊನೇ ಭಾನುವಾರ, ಗ್ರೀನಿಚ್ ಲೆಕ್ಕದಲ್ಲಿ ಬೆಳಗಿನ ಜಾವ 1 ಗಂಟೆಗೆ, ಒಂದೇ ಕ್ಷಣದಲ್ಲಿ ಗಡಿಯಾರ ತಿರುಗಿಸುತ್ತವೆ. ಬದಲಾಗೋದು ನಮ್ಮೂರಿನ ಜೊತೆಗಿನ ವ್ಯತ್ಯಾಸ. ಭಾರತ ಚಳಿಗಾಲದಲ್ಲಿ ಲಂಡನ್‌ಗಿಂತ 5:30, ಬೇಸಿಗೆಯಲ್ಲಿ 4:30 ಮುಂದೆ. ಫ್ರಾಂಕ್‌ಫರ್ಟ್‌ಗಿಂತ 4:30 ಮತ್ತು 3:30. ವಿಮಾನ ನಿಲ್ದಾಣಕ್ಕೆ ಕರೆತರೋಕೆ ಹೋಗೋ ಮನೆಯವರು ಎಡವೋದು ಇಲ್ಲೇ.

ನಕ್ಷೆಗಾರ
ಮೈಲಿ ಗೊಂದಲ ಬಿಡಿಸ್ತೀನಿ. 407 ಅನ್ನೋದು ರಸ್ತೆ ಮೈಲಿ, ಒಂದಕ್ಕೆ 1.609 ಕಿ.ಮೀ. 354 ಅನ್ನೋದು ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿ.ಮೀ. ಎರಡನ್ನೂ ಕಿ.ಮೀ.ಗೆ ತಿರುಗಿಸಿದರೆ 655ರ ಹತ್ತಿರಕ್ಕೇ ಬರುತ್ತೆ. ಪೈಲಟ್‌ಗಳು, ನಿಯಂತ್ರಣ ಕೊಠಡಿಯವರು ನಾಟಿಕಲ್ ಮೈಲಿಯಲ್ಲೇ ಮಾತಾಡೋದು. ತಾಣಗಳು ಬರೀ 'ಮೈಲಿ' ಅಂತ ಬರೆದು ಬಿಡೋದರಿಂದ ಈ ಫಜೀತಿ.

ಈ 655 ಭೂಮಿಯ ದುಂಡು ಮೈ ಮೇಲಿನ ಅತಿ ಹತ್ತಿರದ ದಾರಿ, ಅಂದರೆ ಮಹಾವೃತ್ತದ ದೂರ. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಚೆಂಡು ಅಂತ ಹಿಡಿದರೆ 655. ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ ಅನ್ನೋದನ್ನೂ ಲೆಕ್ಕಕ್ಕೆ ತಗೊಂಡರೆ ಒಂದೆರಡು ಕಿ.ಮೀ. ಹೆಚ್ಚು ಬರುತ್ತೆ. ಒಂದು ತಾಣ 655, ಇನ್ನೊಂದು 657 ತೋರಿಸಿದರೆ ಎರಡೂ ಸರಿ.

ಲೆಕ್ಕದ_ಮೇಷ್ಟ್ರು
ನಕ್ಷೆಗಾರರೇ, ಅಕ್ಷಾಂಶ-ರೇಖಾಂಶದಿಂದ ದೂರ ತೆಗೆಯೋ ಹ್ಯಾವರ್‌ಸೈನ್ ಸೂತ್ರ ಹಾಕಿ ನೋಡಿದೆ, 592 ಬರ್ತಾ ಇದೆ. ಹೀಥ್ರೂ ಅಕ್ಷಾಂಶ 51.4775, ರೇಖಾಂಶ 0.4614. ಫ್ರಾಂಕ್‌ಫರ್ಟ್ 50.0333 ಮತ್ತು 8.5706. ತ್ರಿಜ್ಯ 6,371.

ನಕ್ಷೆಗಾರ
ಮೇಷ್ಟ್ರೇ, ಹೀಥ್ರೂ ಗ್ರೀನಿಚ್ ರೇಖೆಯ ಪಶ್ಚಿಮಕ್ಕಿದೆ. ರೇಖಾಂಶ ಮೈನಸ್ 0.4614 ಆಗಬೇಕು. ನೀವು ಪ್ಲಸ್ ಹಾಕಿದ್ದೀರಿ, ಅದಕ್ಕೇ ವ್ಯತ್ಯಾಸ 9.032 ಡಿಗ್ರಿ ಬದಲು 8.109 ಆಗಿದೆ. ಸರಿ ಮಾಡಿ ನೋಡಿ: ಅಕ್ಷಾಂಶ ವ್ಯತ್ಯಾಸದ ಅರ್ಧ 0.722 ಡಿಗ್ರಿ, ಅದರ ಸೈನ್‌ನ ವರ್ಗ 0.000159. ರೇಖಾಂಶ ವ್ಯತ್ಯಾಸದ ಅರ್ಧ 4.516 ಡಿಗ್ರಿ, ಸೈನ್‌ನ ವರ್ಗ 0.0062. ಇದನ್ನು ಎರಡೂ ಅಕ್ಷಾಂಶಗಳ ಕೊಸೈನ್‌ಗಳಿಂದ, ಅಂದರೆ 0.6228 ಮತ್ತು 0.6423ರಿಂದ ಗುಣಿಸಿದರೆ 0.00248. ಕೂಡಿಸಿದರೆ 0.00264. ವರ್ಗಮೂಲ 0.05137. ಅದರ ವಿಲೋಮ ಸೈನ್ ರೇಡಿಯನ್‌ನಲ್ಲಿ ತೆಗೆದು ಎರಡರಿಂದ ಗುಣಿಸಿದರೆ 0.1028. ಅದನ್ನು 6,371ರಿಂದ ಗುಣಿಸಿ, 655.

ಎಕ್ಸೆಲ್‌ನಲ್ಲಿ ಮಾಡೋರು ಡಿಗ್ರಿಯನ್ನು ರೇಡಿಯನ್‌ಗೆ ತಿರುಗಿಸೋದು ಮರೀಬೇಡಿ. ಎಕ್ಸೆಲ್‌ನ ಸೈನ್‌ಗೆ ಡಿಗ್ರಿ ತಿಳಿಯಲ್ಲ, ಅರ್ಥವಿಲ್ಲದ ಉತ್ತರ ಕೊಡುತ್ತೆ.

ಲೆಕ್ಕದ_ಮೇಷ್ಟ್ರು
ಬಂತು, 654.9. ಥ್ಯಾಂಕ್ಸ್.

ಧಾರವಾಡದ_ಗಾಳಿಪಟ
ದೂರ ಗೊತ್ತಾತು. ವಿಮಾನದ ವೇಗ ಗಂಟೆಗೆ 830 ಕಿ.ಮೀ. ಅಂತಾರ. 655 ಭಾಗಿಸು 830, 47 ನಿಮಿಷ. ಟಿಕೆಟ್‌ನಾಗ 1 ಗಂಟೆ 40 ನಿಮಿಷ ಯಾಕ ಹಾಕ್ಯಾರ? ಉಳಿದ 53 ನಿಮಿಷ ಎಲ್ಲಿ ಹೋತ್ರೀ?

ಕಾಕ್‌ಪಿಟ್_ಕಿಟಕಿ
ಇಂಥ ಸಣ್ಣ ದಾರಿಯಲ್ಲಿ 830 ವೇಗ ಸಿಗೋದು ಕಾಲು ಗಂಟೆ ಮಾತ್ರ.

ಎ320 ವಿಮಾನ 35,000 ಅಡಿಗೆ ಏರೋಕೆ 20 ನಿಮಿಷದ ಆಸುಪಾಸು ಬೇಕು. ಅಷ್ಟರಲ್ಲಿ ಸುಮಾರು 115 ನಾಟಿಕಲ್ ಮೈಲಿ ಕಳೆದಿರುತ್ತೆ. ಇಳಿಯುವಾಗ ಪ್ರತಿ 1,000 ಅಡಿಗೆ 3 ನಾಟಿಕಲ್ ಮೈಲಿ ಅನ್ನೋದು ರೂಢಿಯ ಲೆಕ್ಕ. 35,000 ಅಡಿಯಿಂದ ಅಂದರೆ 105 ಮೈಲಿ, ವೇಗ ತಗ್ಗಿಸೋಕೆ ಇನ್ನೂ ಹತ್ತು. ಅದಕ್ಕೆ 25 ನಿಮಿಷ. ಒಟ್ಟು 354ರಲ್ಲಿ ಮಧ್ಯೆ ಸಮತಟ್ಟಾಗಿ ಹಾರೋಕೆ ಉಳಿಯೋದು 124 ನಾಟಿಕಲ್ ಮೈಲಿ. 450 ನಾಟ್, ಅಂದರೆ ಗಂಟೆಗೆ 450 ನಾಟಿಕಲ್ ಮೈಲಿ ವೇಗದಲ್ಲಿ ಅದು 17 ನಿಮಿಷ. ಕೂಡಿಸಿ: 20, 17, 25. ಆಗಲೇ 62 ಆಯ್ತು. 10,000 ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್ ಮೀರುವಂತಿಲ್ಲ ಅನ್ನೋದೂ ಇದರೊಳಗೇ ಸೇರಿದೆ.

ಇದು ಗೆರೆ ಎಳೆದ ಹಾಗೆ ನೇರ ಹೋದರೆ. ವಿಮಾನ ಹಾಗೆ ಹೋಗಲ್ಲ. ಗೊತ್ತುಮಾಡಿದ ದಾರಿಯಲ್ಲಿ ಪೂರ್ವಕ್ಕೆ ತಿರುಗಿ ಕೆಂಟ್‌ನ ಡೆಟ್ಲಿಂಗ್ ಕಡೆ ಹೊರಟು, ಇಂಗ್ಲಿಷ್ ಕಾಲುವೆ ದಾಟಿ, ಬೆಲ್ಜಿಯಂ ಮೇಲೆ ಹೋಗಿ, ಜರ್ಮನಿಯಲ್ಲಿ ಇಳಿಯುವ ಸಾಲಿಗೆ ಸೇರಬೇಕು. ಇದರಿಂದ 40–50 ನಾಟಿಕಲ್ ಮೈಲಿ ಸುಲಭವಾಗಿ ಹೆಚ್ಚಾಗುತ್ತೆ. ಗಾಳಿಯಲ್ಲಿರೋ ಹೊತ್ತು 65ರಿಂದ 75 ನಿಮಿಷ. ಅದರ ಮೇಲೆ ಹೀಥ್ರೂನಲ್ಲಿ ಗೇಟ್‌ನಿಂದ ಹಿಂದೆ ಸರಿದು ರನ್‌ವೇ ಮುಟ್ಟಿ ಸರದಿ ಕಾಯೋಕೆ 20 ನಿಮಿಷ, ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ ಗೇಟ್ ಸೇರೋಕೆ 10. ನೂರು ನಿಮಿಷ ಆಯ್ತಲ್ಲ!

ಮಲ್ಲೇಶ್ವರದ_ಮೈನಾ
ಹಾಗಾದ್ರೆ ಆ ತಾಣದ 1 ಗಂಟೆ 19 ನಿಮಿಷ ಎಲ್ಲಿಂದ ಬಂತು?

ನಕ್ಷೆಗಾರ
407 ಮೈಲಿಯನ್ನು ಗಂಟೆಗೆ 500 ಮೈಲಿ ವೇಗದಿಂದ ಭಾಗಿಸಿದರೆ 49 ನಿಮಿಷ. ಏರೋದು ಇಳಿಯೋದಕ್ಕೆ ಅಂತ ಕಣ್ಣುಮುಚ್ಚಿ 30 ಕೂಡಿಸಿದರೆ 79. ಅಂದರೆ 1 ಗಂಟೆ 19 ನಿಮಿಷ. ಎಲ್ಲಾ ಜೋಡಿ ಊರುಗಳಿಗೂ ಇದೇ ಸೂತ್ರ. ಹೀಥ್ರೂವಿನ ಸರದಿ, ಗಾಳಿ, ರನ್‌ವೇ ಯಾವುದೂ ಇದರಲ್ಲಿ ಇಲ್ಲ. ಗಾಳಿಯಲ್ಲಿರೋ ಹೊತ್ತಿಗೆ ಇದು ಹತ್ತಿರ, ಪ್ರಯಾಣದ ಯೋಜನೆಗೆ ಉಪಯೋಗವಿಲ್ಲ.

ಕುಡ್ಲದ_ಕಡಲು
ಗಾಳಿ ವಿಷಯ ಯಾರೂ ಹೇಳ್ಲಿಲ್ಲ ಮಾರಾಯ್ರೆ. ಯುರೋಪಿನ ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುದು. ಲಂಡನ್‌ನಿಂದ ಫ್ರಾಂಕ್‌ಫರ್ಟ್‌ಗೆ ಬೆನ್ನ ಗಾಳಿ, ಬರುವಾಗ ಎದುರು ಗಾಳಿ. ಎರಡೂ ಕಡೆ 1:40 ಹೇಗೆ ಆಗ್ತದೆ?

ಕಾಕ್‌ಪಿಟ್_ಕಿಟಕಿ
ಒಳ್ಳೇ ಪ್ರಶ್ನೆ. ಸರಾಸರಿ 400 ನಾಟ್ ವೇಗ, 30 ನಾಟ್ ಗಾಳಿ ಅಂತ ಇಟ್ಕೊಳ್ಳಿ. ಹೋಗೋಕೆ 49 ನಿಮಿಷ, ಬರೋಕೆ 57. ಚಳಿಗಾಲದಲ್ಲಿ 60 ನಾಟ್ ಆದರೆ 46 ಮತ್ತು 62. ಇನ್ನೊಂದು ಗಮನಿಸಿ: ಗಾಳಿಯೇ ಇಲ್ಲದಿದ್ದರೆ ಹೋಗಿ ಬರೋಕೆ 106 ನಿಮಿಷ, 60 ನಾಟ್ ಗಾಳಿಯಲ್ಲಿ 108 ಮೀರುತ್ತೆ. ಹೋಗುವಾಗ ಉಳಿದದ್ದಕ್ಕಿಂತ ಬರುವಾಗ ಕಳೆಯೋದು ಯಾವಾಗಲೂ ಹೆಚ್ಚು. ಎದುರು ಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಲ್ಲ.

ಗೋಪುರದ_ಗಿಳಿ
ಎರಡೂ ಕಡೆ ಹೊತ್ತು ಸಮ ಆಗೋಕೆ ಕಾರಣ ರನ್‌ವೇ ದಿಕ್ಕು. ಇದನ್ನ ಬಿಡಿಸಿ ಹೇಳಬೇಕು.

ವಿಮಾನ ಏರೋದೂ ಇಳಿಯೋದೂ ಗಾಳಿಗೆ ಎದುರಾಗಿ. ಪಶ್ಚಿಮ ಗಾಳಿ ಇದ್ದ ದಿನ ಹೀಥ್ರೂನಲ್ಲಿ 27 ಅಂತ ಗುರುತಿಸಿದ ರನ್‌ವೇಗಳು, ಫ್ರಾಂಕ್‌ಫರ್ಟ್‌ನಲ್ಲಿ 25 ಅಂತ ಗುರುತಿಸಿದವು. ಎರಡೂ ಪಶ್ಚಿಮಕ್ಕೆ ಮುಖ. ಈಗ ಲಂಡನ್‌ನಿಂದ ಹೊರಡೋ ವಿಮಾನ ನೋಡಿ. ಹೋಗಬೇಕಾದ್ದು ಪೂರ್ವಕ್ಕೆ, ಏರೋದು ಪಶ್ಚಿಮಕ್ಕೆ. ಏರಿ, ಸುತ್ತಿ, ತಿರುಗಿ ಬರಬೇಕು. ಫ್ರಾಂಕ್‌ಫರ್ಟ್‌ನಲ್ಲಿ ಪಶ್ಚಿಮದಿಂದ ಬಂದು ಪಶ್ಚಿಮಕ್ಕೇ ಮುಖ ಮಾಡಿ ಇಳಿಯಬೇಕು. ಅಂದರೆ ನಿಲ್ದಾಣ ದಾಟಿ ಪೂರ್ವಕ್ಕೆ ಹೋಗಿ, ತಿರುಗಿ ಬರಬೇಕು. ಎರಡೂ ತುದಿಯಲ್ಲಿ ಸುತ್ತು. ವಾಪಸ್ ಬರೋ ವಿಮಾನಕ್ಕೆ ಎರಡೂ ಕಡೆ ದಿಕ್ಕು ಸರಿಯಾಗಿ ಕೂಡಿ ಬರುತ್ತೆ: ಏರಿದ್ದೂ ಪಶ್ಚಿಮಕ್ಕೆ, ಲಂಡನ್ ನಗರದ ಮೇಲೆ ಬಂದು ಇಳಿಯೋದೂ ಪಶ್ಚಿಮಕ್ಕೆ. ಬೆನ್ನ ಗಾಳಿ ಕೊಟ್ಟದ್ದನ್ನ ರನ್‌ವೇ ಕಿತ್ತುಕೊಳ್ಳುತ್ತೆ, ಎದುರು ಗಾಳಿ ಕಿತ್ತುಕೊಂಡದ್ದನ್ನ ರನ್‌ವೇ ಸ್ವಲ್ಪ ತುಂಬಿಕೊಡುತ್ತೆ.

ಪೂರ್ವ ಗಾಳಿಯ ದಿನ ಇದೆಲ್ಲ ತಲೆಕೆಳಗು. ಆಗ ಫ್ರಾಂಕ್‌ಫರ್ಟ್‌ನಿಂದ ಬಂದ ವಿಮಾನ ಹೀಥ್ರೂ ದಾಟಿ ಪಶ್ಚಿಮಕ್ಕೆ ಹೋಗಿ ಹಿಂದಿರುಗಬೇಕು.

ಕುಡ್ಲದ_ಕಡಲು
ಇದು ಗೊತ್ತಿರಲಿಲ್ಲ. ಬಹಳ ಒಳ್ಳೆ ವಿವರಣೆ.

ರೈನ್_ತೀರ
ಫ್ರಾಂಕ್‌ಫರ್ಟ್ ಕಡೆಯದ್ದು ಒಂದು ಸೇರಿಸ್ತೀನಿ. 2011ರ ಅಕ್ಟೋಬರ್‌ನಲ್ಲಿ ಶುರುವಾದ ವಾಯವ್ಯ ರನ್‌ವೇ ಇಳಿಯೋಕೆ ಮಾತ್ರ, 2,800 ಮೀಟರ್. ಅದು ಎ3 ಹೆದ್ದಾರಿಯ ಆಚೆ ಇದೆ. ಇಳಿದ ವಿಮಾನ ಸೇತುವೆ ಮೇಲೆ ಹೆದ್ದಾರಿ ದಾಟಿ ಟರ್ಮಿನಲ್‌ಗೆ ಬರಬೇಕು. ಚಕ್ರ ನೆಲ ಮುಟ್ಟಿತು ಅಂತ ಬೆಲ್ಟ್ ಬಿಚ್ಚೋಕೆ ಹೋಗಬೇಡಿ, ಇನ್ನೂ 10–15 ನಿಮಿಷ ಉರುಳೋದಿದೆ. ಮುಂದಿನ ವಿಮಾನಕ್ಕೆ ಕಡಿಮೆ ಹೊತ್ತು ಇರೋರಿಗೆ ಈ ಹದಿನೈದು ನಿಮಿಷ ದೊಡ್ಡದು.

ಧಾರವಾಡದ_ಗಾಳಿಪಟ
ಹೀಥ್ರೂ ಮ್ಯಾಲೆ ಸುತ್ತು ಹೊಡಿಸ್ತಾರಂತಲ್ಲ, ಅದನ್ನೂ 1:40ರೊಳಗ ಹಿಡದಾರೇನು?

ಗೋಪುರದ_ಗಿಳಿ
ಸ್ವಲ್ಪ ಮಟ್ಟಿಗೆ ಹಿಡಿದಿರ್ತಾರೆ. ಹೀಥ್ರೂಗೆ ಬರೋ ವಿಮಾನ ಕಾಯೋಕೆ ನಾಲ್ಕು ಜಾಗ: ಬೋವಿಂಗ್ಡನ್, ಲ್ಯಾಂಬೋರ್ನ್, ಓಕಂ, ಬಿಗಿನ್ ಹಿಲ್. ಫ್ರಾಂಕ್‌ಫರ್ಟ್ ಕಡೆಯಿಂದ ಬರೋರಿಗೆ ಈಶಾನ್ಯದ ಲ್ಯಾಂಬೋರ್ನ್ ಅಥವಾ ಆಗ್ನೇಯದ ಬಿಗಿನ್. ಒಂದರ ಮೇಲೊಂದು 1,000 ಅಡಿ ಅಂತರದಲ್ಲಿ ಸುತ್ತುತ್ತವೆ, ಕೆಳಗಿನದು ಹೊರಟ ಹಾಗೆ ಮೇಲಿನದು ಒಂದು ಮೆಟ್ಟಿಲು ಇಳಿಯುತ್ತೆ. ಒಂದು ಸುತ್ತಿಗೆ ನಾಲ್ಕು ನಿಮಿಷ. ಎರಡು ಸುತ್ತು ಆದರೆ 8 ನಿಮಿಷ, ಅದು ವೇಳಾಪಟ್ಟಿಯಲ್ಲೇ ಕರಗಿಹೋಗುತ್ತೆ. ಮಂಜು ಬಿದ್ದ ದಿನ ವಿಮಾನಗಳ ನಡುವೆ ಅಂತರ ಹೆಚ್ಚಿಸಬೇಕು, ಸಾಲು ಬೆಳೆಯುತ್ತೆ. ಹೀಥ್ರೂಗೆ ಇರೋದು ಎರಡೇ ರನ್‌ವೇ, ವರ್ಷಕ್ಕೆ 4,80,000 ಏರಿಳಿತದ ಮಿತಿ. ಬಿಡುವೇ ಇಲ್ಲದ ಕಡೆ ಒಂದು ಗಂಟೆ ಎಡವಟ್ಟಾದರೆ ಇಡೀ ದಿನ ಸರಿಹೋಗಲ್ಲ.

ಕುಡ್ಲದ_ಕಡಲು
ಸುತ್ತುವಾಗ ಇಂಧನ?

ಕಾಕ್‌ಪಿಟ್_ಕಿಟಕಿ
ದಾರಿ ಖರ್ಚಿನ ಮೇಲೆ ಸಾಮಾನ್ಯವಾಗಿ 5% ಹೆಚ್ಚುವರಿ, ಬೇರೆ ನಿಲ್ದಾಣಕ್ಕೆ ಹೋಗುವಷ್ಟು, ಕೊನೆಗೆ ಮುಟ್ಟಲೇಬಾರದ 30 ನಿಮಿಷದ ಮೀಸಲು. ಲಂಡನ್‌ಗೆ ಹೊರಡುವಾಗ ಇದರ ಮೇಲೂ ಕ್ಯಾಪ್ಟನ್ ಸ್ವಲ್ಪ ಹಾಕಿಸಿಕೊಳ್ಳೋದು ವಾಡಿಕೆ.

ಮಲ್ಲೇಶ್ವರದ_ಮೈನಾ
ಬಾಗಿಲು ಹಾಕಿದ ಮೇಲೂ 'ಸ್ಲಾಟ್‌ಗೆ ಕಾಯ್ತಿದ್ದೇವೆ' ಅಂತಾರಲ್ಲ, ಏನದು?

ಗೋಪುರದ_ಗಿಳಿ
ಇಳಿಯೋ ನಿಲ್ದಾಣದಲ್ಲೋ ದಾರಿ ಮಧ್ಯದ ಆಕಾಶದಲ್ಲೋ ದಟ್ಟಣೆ ಇದ್ದರೆ, ಯುರೋಪಿನ ವಿಮಾನ ದಟ್ಟಣೆ ನೋಡಿಕೊಳ್ಳೋ ಬ್ರಸೆಲ್ಸ್‌ನ ಯೂರೋಕಂಟ್ರೋಲ್ ಕೇಂದ್ರ ಆ ವಿಮಾನಕ್ಕೆ ನೆಲ ಬಿಡೋ ಹೊತ್ತು ಗೊತ್ತು ಮಾಡುತ್ತೆ. ಅದಕ್ಕಿಂತ 5 ನಿಮಿಷ ಮೊದಲು, 10 ನಿಮಿಷ ನಂತರ, ಈ ಹದಿನೈದು ನಿಮಿಷದ ಕಿಟಕಿಯಲ್ಲಿ ಏರಲೇಬೇಕು. ತಪ್ಪಿದರೆ ಹೊಸ ಸ್ಲಾಟ್, ಅದು ಒಂದು ಗಂಟೆ ಆಚೆಗೂ ಸಿಗಬಹುದು. ಅದಕ್ಕೇ ಎಲ್ಲರನ್ನೂ ಕೂರಿಸಿ ಬಾಗಿಲು ಹಾಕಿ ಕಾಯೋದು. ಸ್ಲಾಟ್ ಮುಂದಕ್ಕೆ ಬಂದರೆ ತಕ್ಷಣ ಹೊರಡಬಹುದು. ಇದನ್ನ ಬೈಯೋರು ತುಂಬ ಜನ, ಆದರೆ ಪ್ರಯಾಣಿಕರನ್ನ ಟರ್ಮಿನಲ್‌ನಲ್ಲೇ ಬಿಟ್ಟರೆ ಸ್ಲಾಟ್ ಕೈತಪ್ಪುತ್ತೆ.

ರೈನ್_ತೀರ
ರಾತ್ರಿ ವಿಮಾನ ಆದರೆ ಇನ್ನೊಂದು ಅಪಾಯ. ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ವೇಳಾಪಟ್ಟಿಯ ಹಾರಾಟ ನಿಷೇಧ. ತಡವಾಗಿ ಬಂದವರಿಗೆ ಇಳಿಯೋಕೆ ಸ್ವಲ್ಪ ವಿನಾಯಿತಿ ಉಂಟು, ಹೊರಡೋಕೆ ವಿಶೇಷ ಅನುಮತಿ ಬೇಕು. ಲಂಡನ್‌ನ ಕೊನೇ ವಿಮಾನ ಒಂದೂವರೆ ಗಂಟೆ ತಡ ಅಂದರೆ ರದ್ದಾಗೋ ಸಾಧ್ಯತೆ ನಿಜವಾಗಿ ಇದೆ. ಮರುದಿನ ಮುಖ್ಯ ಕೆಲಸ ಇರೋರು ಕೊನೇದಕ್ಕಿಂತ ಒಂದು ಮುಂಚಿನ ವಿಮಾನ ಹಿಡೀರಿ.

ಥೇಮ್ಸ್_ದಂಡೆ
ಊರ ಹೆಸರು ನೋಡಿ ಮೋಸ ಹೋಗಬೇಡಿ ಅಂತಾನೂ ಹೇಳಬೇಕು. 'ಫ್ರಾಂಕ್‌ಫರ್ಟ್-ಹಾನ್' ಬೇರೆ ನಿಲ್ದಾಣ, ಫ್ರಾಂಕ್‌ಫರ್ಟ್ ನಗರದಿಂದ ಸುಮಾರು 120 ಕಿ.ಮೀ. ದೂರ. ಅಲ್ಲಿಂದ ನಗರಕ್ಕೆ ಬಸ್ಸು ಹಿಡಿಯೋ ಹೊತ್ತು, ಹಾರಾಟದ ಹೊತ್ತಿಗಿಂತ ಹೆಚ್ಚು. ಲಂಡನ್ ಹೆಸರಿನ ನಿಲ್ದಾಣ ಆರು: ಹೀಥ್ರೂ, ಗ್ಯಾಟ್‌ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್, ಸಿಟಿ, ಸೌತೆಂಡ್. ಮೂರಕ್ಷರದ ಸಂಕೇತ ನೋಡಿ ಬುಕ್ ಮಾಡಿ: ಎಫ್‌ಆರ್‌ಎ ಬೇಕಾದ್ದು, ಎಚ್‌ಎಚ್‌ಎನ್ ಅಂದರೆ ಹಾನ್.

ಹಳಿಪ್ರೇಮಿ
ಇಷ್ಟೆಲ್ಲ ಯಾಕೆ, ರೈಲಲ್ಲಿ ಹೋಗಿ. ಲಂಡನ್‌ನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದಿಂದ ಬ್ರಸೆಲ್ಸ್‌ಗೆ ಯೂರೋಸ್ಟಾರ್ ಸುಮಾರು 2 ಗಂಟೆ. ಅಲ್ಲಿಂದ ಜರ್ಮನಿಯ ವೇಗದ ಐಸಿಇ ರೈಲು ಕಲೋನ್ ಮೇಲೆ ಫ್ರಾಂಕ್‌ಫರ್ಟ್‌ಗೆ 3 ಗಂಟೆ ಚಿಲ್ಲರೆ. ವಿಮಾನ ನಿಲ್ದಾಣದಲ್ಲೇ ಅದಕ್ಕೆ ನಿಲುಗಡೆ ಇದೆ.

ಥೇಮ್ಸ್_ದಂಡೆ
ಮಧ್ಯೆ ಕಾಯೋದು, ಸೇಂಟ್ ಪ್ಯಾಂಕ್ರಾಸ್‌ಗೆ ಒಂದು ಗಂಟೆ ಮೊದಲೇ ಹೋಗೋದು ಸೇರಿಸಿದರೆ ಆರೂವರೆ, ಏಳು ಗಂಟೆ ಆಗುತ್ತೆ. ವಿಮಾನದಲ್ಲಿ ಎಷ್ಟು ನೋಡೋಣ. ಪ್ಯಾಡಿಂಗ್ಟನ್‌ನಿಂದ ಹೀಥ್ರೂ ಎಕ್ಸ್‌ಪ್ರೆಸ್ 15 ನಿಮಿಷ, ಟರ್ಮಿನಲ್ 5 ಆದರೆ 21. ಎರಡು ಗಂಟೆ ಮೊದಲೇ ಹಾಜರು. 1:40 ಪ್ರಯಾಣ. ಅಲ್ಲಿ ಪಾಸ್‌ಪೋರ್ಟ್ ಸಾಲು 20ರಿಂದ 60 ನಿಮಿಷ. ಎಸ್8 ಅಥವಾ ಎಸ್9 ರೈಲಲ್ಲಿ ನಗರದ ಮುಖ್ಯ ನಿಲ್ದಾಣಕ್ಕೆ ಕಾಲು ಗಂಟೆ. ನಾಲ್ಕೂವರೆಯಿಂದ ಐದೂಕಾಲು ಗಂಟೆ. ವಿಮಾನ ಗೆಲ್ಲುತ್ತೆ, ಆದರೆ 655 ಕಿ.ಮೀ. ನೋಡಿ ಅಂದುಕೊಂಡಷ್ಟು ದೊಡ್ಡ ಅಂತರದಲ್ಲಲ್ಲ.

ಹಳಿಪ್ರೇಮಿ
ಒಪ್ಪಿದೆ. ಆದರೂ ರೈಲಲ್ಲಿ ಆ ಹೊತ್ತಿನ ಬಹುಪಾಲು ಕೂತು ಕೆಲಸ ಮಾಡಬಹುದು. ವಿಮಾನದಲ್ಲಿ ಅದು ಬರೀ ಸಾಲಲ್ಲಿ ನಿಲ್ಲೋದು. ಪಾಸ್‌ಪೋರ್ಟ್ ತಪಾಸಣೆಯೂ ಸೇಂಟ್ ಪ್ಯಾಂಕ್ರಾಸ್‌ನಲ್ಲೇ ಮುಗಿದಿರುತ್ತೆ, ಇಳಿದ ಕಡೆ ಮತ್ತೆ ನಿಲ್ಲಬೇಕಿಲ್ಲ.

ರೈನ್_ತೀರ
ಭಾರತದ ಪಾಸ್‌ಪೋರ್ಟ್‌ನಲ್ಲಿ ಶೆಂಗೆನ್ (ತಮ್ಮ ನಡುವೆ ಪಾಸ್‌ಪೋರ್ಟ್ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು) ಒಳಗೆ ಹೋಗೋರಿಗೆ 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಮುಖದ ಫೋಟೋ ತೆಗೆಯೋ ಹೊಸ ನೋಂದಣಿ ಹಂತ ಹಂತವಾಗಿ ಬಂದಿದೆ. ಮೊದಲ ಸಲಕ್ಕೆ ಹೊತ್ತು ಹಿಡಿಯುತ್ತೆ. ಜರ್ಮನಿಯ ವಾಸದ ಪರವಾನಗಿ ಇರೋರಿಗೆ ಇದು ಅನ್ವಯಿಸಲ್ಲ, ಕಾರ್ಡ್ ಕೈಯಲ್ಲಿ ಹಿಡಿದಿರಿ.

ಕಾನೂನು_ಕಡತ
655 ಅನ್ನೋ ಅಂಕಿಗೆ ನಿಜವಾದ ಬೆಲೆ ಬರೋದು ಪರಿಹಾರ ಕೇಳುವಾಗ. ಯುರೋಪಿನ 261/2004 ನಿಯಮದಲ್ಲಿ 1,500 ಕಿ.ಮೀ. ಒಳಗಿನ ಪ್ರಯಾಣ 3 ಗಂಟೆ ಅಥವಾ ಹೆಚ್ಚು ತಡವಾಗಿ ಮುಟ್ಟಿದರೆ 250 ಯೂರೋ. ಹೀಥ್ರೂನಿಂದ ಹೊರಟದ್ದಕ್ಕೆ ಬ್ರಿಟನ್ನಿನ ನಿಯಮ, 220 ಪೌಂಡ್. ದೂರ ಅಳೆಯೋದು ಮಹಾವೃತ್ತದಲ್ಲೇ, ವಿಮಾನ ಸುತ್ತಿ ಹೋದ ದಾರಿಯಲ್ಲಲ್ಲ.

ಮೈನಾ ಅವರೇ, ನಿಮ್ಮದು ಒಂದೇ ಬುಕಿಂಗ್‌ನಲ್ಲಿ ಬೆಂಗಳೂರಿನ ತನಕ ಇದ್ದರೆ ಲೆಕ್ಕವೇ ಬೇರೆ. ಆಗ ಹಿಡಿಯೋದು ಹೀಥ್ರೂನಿಂದ ಬೆಂಗಳೂರಿಗೆ ನೇರ ದೂರ, ಸುಮಾರು 8,045 ಕಿ.ಮೀ. ಹೀಥ್ರೂ–ಫ್ರಾಂಕ್‌ಫರ್ಟ್ 655, ಫ್ರಾಂಕ್‌ಫರ್ಟ್–ಬೆಂಗಳೂರು 7,400, ಹೀಗೆ ಕೂಡಿಸಲ್ಲ. ಇಲ್ಲಿ ಮೊತ್ತಕ್ಕೆ ವ್ಯತ್ಯಾಸ ಬರದಿದ್ದರೂ, ಮಿತಿ ಹತ್ತಿರದ ಊರುಗಳಿಗೆ ಬರುತ್ತೆ. 3,500 ದಾಟಿದ್ದರಿಂದ 520 ಪೌಂಡ್. ತಡ 3ರಿಂದ 4 ಗಂಟೆಯೊಳಗೆ ಇದ್ದರೆ ಅರ್ಧಕ್ಕೆ ಇಳಿಸಬಹುದು.

ತಡ ಎಷ್ಟು ಅನ್ನೋದು ಚಕ್ರ ನೆಲ ಮುಟ್ಟಿದ ಹೊತ್ತಲ್ಲ. ವಿಮಾನದ ಒಂದು ಬಾಗಿಲಾದರೂ ತೆರೆದು ಪ್ರಯಾಣಿಕರು ಇಳಿಯಬಹುದಾದ ಹೊತ್ತು, ಹಾಗಂತ ಯುರೋಪಿನ ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿದೆ. 2 ಗಂಟೆ 52 ನಿಮಿಷಕ್ಕೆ ನೆಲ ಮುಟ್ಟಿ, ವಾಯವ್ಯ ರನ್‌ವೇಯಿಂದ ಉರುಳಿ ಬಂದು 3:03ಕ್ಕೆ ಬಾಗಿಲು ತೆರೆದರೆ ಪರಿಹಾರ ಕೇಳಬಹುದು. ಬಾಗಿಲು ತೆರೆಯುವಾಗ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಡಿ.

ಧಾರವಾಡದ_ಗಾಳಿಪಟ
ಸ್ಲಾಟ್‌ನಿಂದ ತಡ ಆದ್ರ ಕೊಡ್ತಾರೇನ್ರೀ?

ಕಾನೂನು_ಕಡತ
ಹವಾಮಾನ, ನಿಯಂತ್ರಣ ಕೊಠಡಿಯ ನಿರ್ಬಂಧ, ಇವು ಸಾಮಾನ್ಯವಾಗಿ ಕಂಪನಿಯ ಕೈಮೀರಿದ್ದು ಅಂತ ಲೆಕ್ಕ, ಹಣ ಬರಲ್ಲ. ಯಂತ್ರದ ಮಾಮೂಲಿ ದೋಷ ಕೈಮೀರಿದ್ದಲ್ಲ. ಹಣ ಬರದಿದ್ದರೂ 2 ಗಂಟೆ ಮೀರಿದರೆ ಊಟ-ತಿಂಡಿ ಕೊಡಲೇಬೇಕು. ಅರ್ಜಿಗೆ ಇಂಗ್ಲೆಂಡ್‌ನಲ್ಲಿ 6 ವರ್ಷ ಅವಕಾಶ, ಜರ್ಮನಿಯಲ್ಲಿ ಆ ವರ್ಷದ ಕೊನೆಯಿಂದ 3 ವರ್ಷ.

ಮಲ್ಲೇಶ್ವರದ_ಮೈನಾ
ಒಂದೇ ಬುಕಿಂಗ್. ಹಾಗಿದ್ರೆ 90 ನಿಮಿಷ ಸಾಕಾ?

ರೈನ್_ತೀರ
ಟರ್ಮಿನಲ್ 1ರೊಳಗೇ ಬದಲಾಯಿಸೋದಾದರೆ ಕನಿಷ್ಠ ಅಂತ ನಿಗದಿಯಾದದ್ದು 45 ನಿಮಿಷ, ಹಾಗಾಗಿ 90 ಸಾಕು. ಲಂಡನ್ ಶೆಂಗೆನ್ ಅಲ್ಲ, ಬೆಂಗಳೂರೂ ಅಲ್ಲ. ಪಾಸ್‌ಪೋರ್ಟ್ ಸಾಲಿಗೆ ಹೋಗಬೇಡಿ, ಸಂಪರ್ಕ ವಿಮಾನದ ಫಲಕ ನೋಡಿ ಬಿ, ಸಿ ಅಥವಾ ಝಡ್ ಗೇಟ್‌ಗಳ ಕಡೆ ನಡೀರಿ. ಎ ಗೇಟ್‌ಗಳು ಶೆಂಗೆನ್‌ನವರಿಗೆ. ಬ್ಯಾಗು ಬೆಂಗಳೂರಿನ ತನಕ ಹೋಗುತ್ತಾ ಅಂತ ಹೀಥ್ರೂನಲ್ಲೇ ಚೀಟಿ ಮೇಲೆ ಬೆಂಗಳೂರಿನ ಸಂಕೇತ ಬಿಎಲ್‌ಆರ್ ನೋಡಿ ಖಚಿತ ಮಾಡ್ಕೊಳ್ಳಿ.

ಗೋಪುರದ_ಗಿಳಿ
ಆಯ್ಕೆ ಇದ್ದರೆ ಲಂಡನ್‌ನಿಂದ ಬೆಳಗಿನ ಮೊದಲ ವಿಮಾನಗಳಲ್ಲಿ ಒಂದನ್ನು ತಗೊಳ್ಳಿ. 10 ಗಂಟೆಯದ್ದು ಬೆಳಗ್ಗೆ ಫ್ರಾಂಕ್‌ಫರ್ಟ್‌ನಿಂದ ಬಂದ ವಿಮಾನವೇ ತಿರುಗಿ ಹೋಗೋದಾಗಿದ್ದರೆ, ಅದರ ತಡ ಇದಕ್ಕೂ ಅಂಟುತ್ತೆ. ಹಿಂದಿನ ರಾತ್ರಿಯೇ ಹೀಥ್ರೂನಲ್ಲಿ ನಿಂತ ವಿಮಾನಕ್ಕೆ ಆ ತೊಂದರೆ ಇಲ್ಲ.

ಮಲ್ಲೇಶ್ವರದ_ಮೈನಾ
ಬೆಳಗ್ಗೆ 6:30ರದ್ದಕ್ಕೆ ಬದಲಾಯಿಸಿದೆ. ಫ್ರಾಂಕ್‌ಫರ್ಟ್‌ನಲ್ಲಿ 9:10ಕ್ಕೆ.

ಥೇಮ್ಸ್_ದಂಡೆ
ಆ ಹೊತ್ತಿಗೆ ಹೀಥ್ರೂಗೆ ಬರೋ ಪಿಕಡಿಲಿ ಸುರಂಗ ರೈಲು ನಂಬಬೇಡಿ, ವಾರದ ದಿನಗಳಲ್ಲಿ ರಾತ್ರಿ ಸೇವೆ ಇರಲ್ಲ. ರಾತ್ರಿ ಬಸ್ಸು ಎನ್9 ಹೀಥ್ರೂಗೆ ಬರುತ್ತೆ.